ಪತ್ರಿಕೆಯ ಹೊಸ ರೂಪ ಸದಸ್ಯರಿಗೆ ಹಿಡಿಸಲಿಲ್ಲ: ಹಳೆಯದಕ್ಕೇ ಮರಳಬೇಕೆ?

ಪ್ರಶ್ನೆ: ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಹೂಗಿಡ ಹವ್ಯಾಸಿಗಳು ಸೇರಿ ನಡೆಸುವ 12 ಪುಟಗಳ ಮಾಸಪತ್ರಿಕೆಯ ಸಂಪಾದನೆ ನನ್ನ ಪಾಲಿಗಿದೆ. ಎ4 ಅಳತೆ. ಇನ್ನೂರು ಪ್ರತಿ ಅಚ್ಚು ಹಾಕಿಸುತ್ತೇವೆ, ಉಳಿದವರಿಗೆ ಪಿಡಿಎಫ್ ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತದೆ. ಇಷ್ಟು ವರ್ಷ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಎರಡು ಕಾಲಂ, ಕಪ್ಪು-ಬಿಳುಪಿನಲ್ಲೇ ನಡೆದಿತ್ತು. ಬೆಂಗಳೂರಿನಲ್ಲಿ ಡಿಸೈನ್ ಕೆಲಸದಲ್ಲಿರುವ ಸದಸ್ಯರೊಬ್ಬರ ಮಗಳು ಈ ವರ್ಷ ದುಡ್ಡು ಕೇಳದೆ ಪೂರ್ತಿ ಹೊಸ ರೂಪ ಮಾಡಿಕೊಟ್ಟಳು. ಆರ್ಟ್ ಪೇಪರ್, ಎಲ್ಲ ಪುಟಕ್ಕೂ ಬಣ್ಣ, ಮೂರು ಕಾಲಂ, ಕಡು ಹಸಿರು ಚೌಕದಲ್ಲಿ ಬಿಳಿ ಅಕ್ಷರ. ನೋಡಲು ಚಂದವೇ. ಆದರೆ ಮೊದಲ ಸಂಚಿಕೆ ಬಂದ ದಿನದಿಂದ ಗ್ರೂಪಿನಲ್ಲಿ ಗಲಾಟೆ: ‘ಓದಲಾಗುತ್ತಿಲ್ಲ’, ‘ಗಿಡ ಬದಲಾವಣೆ ಪಟ್ಟಿ ಎಲ್ಲಿ ಹೋಯಿತು’, ‘ಹಳೆಯ ತಲೆಬರಹವೇ ಚೆನ್ನಾಗಿತ್ತು’, ‘ಹೈಡ್ರೇಂಜಿಯ ಬಣ್ಣವೇ ತಪ್ಪು’, ‘ದುಡ್ಡು ದಂಡ’. ಕಮಿಟಿಯಲ್ಲಿ ಅರ್ಧ ಜನ ಹಳೆಯದಕ್ಕೆ ಹೋಗೋಣ ಅನ್ನುತ್ತಾರೆ, ಇನ್ನರ್ಧ ಜನ ಎರಡು ಮೂರು ತಿಂಗಳಲ್ಲಿ ಅಭ್ಯಾಸವಾಗುತ್ತದೆ ಬಿಡಿ ಅನ್ನುತ್ತಾರೆ. ಹುಡುಗಿಗೆ ಬೇಸರವಾಗಿದೆ. ಹೊಸ ರೂಪದ ಎರಡೂ ಸಂಚಿಕೆ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಹೆಣೆದುಕೊಂಡಿವೆ. ಬಂದ ದೂರುಗಳಲ್ಲಿ ಯಾವುದು ಹೊಸತನ್ನು ಕಂಡಾಗಿನ ಕಸಿವಿಸಿ, ಯಾವುದು ನಿಜವಾದ ದೋಷ ಎನ್ನುವುದು ಒಂದು. ದೋಷವಿದ್ದರೆ ಪುಕ್ಕಟೆ ದುಡಿದ ಹುಡುಗಿಯನ್ನು ನೋಯಿಸದೆ ಸರಿಪಡಿಸುವುದು ಹೇಗೆ ಎನ್ನುವುದು ಇನ್ನೊಂದು. ಸಂಚಿಕೆಗಳನ್ನು ಅಚ್ಚಿನಲ್ಲೂ ಫೋನಿನಲ್ಲೂ ನೋಡಿದೆ. ಹಳೆಯದಕ್ಕೆ ಮರಳಬೇಕಾಗಿಲ್ಲ, ಸುಮ್ಮನೆ ಕಾದು ಕೂತರೂ ಆಗುವುದಿಲ್ಲ. ‘ಹಿಡಿಸಲಿಲ್ಲ’ ಎನ್ನುವ ದೂರು ತಾನಾಗಿ ಅಡಗುತ್ತದೆ. ‘ಓದಲಾಗುತ್ತಿಲ್ಲ’ ಎನ್ನುವುದೂ ಕೆಲವು ತಿಂಗಳಲ್ಲಿ ಕೇಳಿಸದಂತಾಗುತ್ತದೆ, ಆದರೆ ಆ ಹೊತ್ತಿಗೆ ಹಾಗೆ ಹೇಳಿದವರು ಪತ್ರಿಕೆ ತೆರೆಯುವುದನ್ನೇ ಬಿಟ್ಟಿರುತ್ತಾರೆ. ಕಮಿಟಿ ಅದನ್ನು ಅಭ್ಯಾಸವಾಯಿತು ಅಂದುಕೊಳ್ಳುವುದೇ ಅಪಾಯ.

ಅಭ್ಯಾಸದ ವಾದ ಪೂರ್ತಿ ಸುಳ್ಳಲ್ಲ. ತಲೆಬರಹ, ಬಣ್ಣ, ಫೋಟೋ ಹಾಕುವ ಶೈಲಿ, ಹೆಚ್ಚು ಖಾಲಿ ಜಾಗ, ಇವುಗಳ ಮೇಲಿನ ಸಿಟ್ಟು ಎರಡು ಮೂರು ಸಂಚಿಕೆಗೆ ತಣ್ಣಗಾಗುತ್ತದೆ. ಅಂಕಣಗಳ ಜಾಗ ಬದಲಾದದ್ದಕ್ಕೂ ಜನ ಹೊಂದಿಕೊಳ್ಳುತ್ತಾರೆ, ಆದರೆ ಹೊಸ ಜಾಗವಾದರೂ ಒಂದೇ ಕಡೆ ನಿಲ್ಲಬೇಕು. ನಿಮ್ಮ ಗಿಡ ಬದಲಾವಣೆ ಪಟ್ಟಿ ಮೊದಲು ಹಿಂಬದಿ ಹೊದಿಕೆಯಲ್ಲಿತ್ತು. ಹೊಸ ರೂಪದ ಮೊದಲ ಸಂಚಿಕೆಯಲ್ಲಿ 5ನೇ ಪುಟಕ್ಕೆ, ಎರಡನೆಯದರಲ್ಲಿ 9ನೇ ಪುಟಕ್ಕೆ ಹೋಗಿದೆ. ತಿಂಗಳಿಗೊಂದು ಮನೆ ಬದಲಿಸುವ ಅಂಕಣವನ್ನು ಯಾರೂ ಕಲಿಯಲಾರರು. ಅದನ್ನು 12ನೇ ಪುಟಕ್ಕೇ ವಾಪಸ್ ತನ್ನಿ. ಡೇಲಿಯಾ ಗೆಡ್ಡೆ ಯಾರಲ್ಲಿದೆ, ಆಂಥೂರಿಯಂ ಮರಿ ಯಾರು ಕೊಡುತ್ತಾರೆ ಎಂದು ನೋಡುವವರು ಪತ್ರಿಕೆಯನ್ನು ಹಿಂದಿನಿಂದಲೇ ಬಿಡಿಸುವುದು.

ಇನ್ನು ಓದಲಾಗದಿರುವ ವಿಷಯ. ಇಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಮಜಾಯಿಷಿ ‘ವಯಸ್ಸಾದವರು, ಅವರಿಗೆ ಬದಲಾವಣೆ ಆಗಿಬರುವುದಿಲ್ಲ’ ಎಂದು. ಆಗಿಬರದಿರುವುದು ಅವರ ಕಣ್ಣಿಗೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪಾಪೆ ಚಿಕ್ಕದಾಗುತ್ತದೆ, ಒಳಗೆ ಸೇರುವ ಬೆಳಕು ಕಡಿಮೆಯಾಗುತ್ತದೆ. ತಿಳಿ ಬಣ್ಣಗಳ ನಡುವಿನ ವ್ಯತ್ಯಾಸ ಮಸುಕಾಗುತ್ತದೆ. ಮಳೆಗಾಲದ ಮಧ್ಯಾಹ್ನ, ಮೋಡ ಕವಿದು ಕರೆಂಟೂ ಇಲ್ಲದಾಗ ಜಗಲಿಯಲ್ಲಿ ಕೂತು ಓದುವವರನ್ನು ನೆನೆದು ನೋಡಿ. ಈ ಪುಟಗಳನ್ನು ಕಟ್ಟಿದ್ದು ಬೆಳಗುವ ಪರದೆಯ ಮೇಲೆ.

ದೋಷದ ಬೇರು ಇರುವುದು ಇಲ್ಲಿ: ಇಂಗ್ಲಿಷಿಗೆ ಒಪ್ಪುವ ಅಳತೆಗಳ ಚೌಕಟ್ಟಿಗೆ ಕನ್ನಡವನ್ನು ಹಾಗೇ ಸುರಿಯಲಾಗಿದೆ. ಹುಡುಗಿಯ ಕೈ ಒಳ್ಳೆಯದು, ಅದು ಪುಟದಲ್ಲೇ ಕಾಣುತ್ತದೆ. ಸಾಫ್ಟ್‌ವೇರ್ ತಾನಾಗಿ ಕೊಡುವ ಅಳತೆ ಕನ್ನಡದ್ದಲ್ಲ, ಅಷ್ಟೇ. ಇನ್‌ಡಿಸೈನ್ ಎಂಬ ಪುಟ ಕಟ್ಟುವ ಸಾಫ್ಟ್‌ವೇರ್ ತಾನಾಗಿ ಇಡುವ ಸಾಲಿನ ಅಂತರ ಅಕ್ಷರದ ಅಳತೆಯ ಶೇ. 120. ಅಂದರೆ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ನಿಮ್ಮ ಎರಡನೇ ಸಂಚಿಕೆಯ 4ನೇ ಪುಟದಲ್ಲಿ ‘ಕತ್ತರಿಸಿ’ ಎಂಬುದರ ತಾವೊತ್ತು ಕೆಳಸಾಲಿನ ‘ಗಿಡ’ದ ಗುಡಿಸಿಗೆ ತಾಗಿಕೊಂಡಿದೆ. ‘ಶಾಸ್ತ್ರ’ದಂಥ ಎರಡು ಒತ್ತಿನ ಪದ ಬಂದಲ್ಲಿ ಇನ್ನೂ ಕಷ್ಟ. ಓದುವವರಿಗೆ ಇದು ಬಿಡಿಸಿ ಕಾಣುವುದಿಲ್ಲ, ಪುಟ ಒಟ್ಟಾರೆ ಕಿಕ್ಕಿರಿದಿದೆ ಅನ್ನಿಸುತ್ತದೆ. ಅಕ್ಷರ 12 ಪಾಯಿಂಟ್, ಸಾಲು 18 ಪಾಯಿಂಟ್ ಇಡಲು ಹೇಳಿ. ಅರವತ್ತು ದಾಟಿದ ಓದುಗರೇ ಹೆಚ್ಚಿದ್ದರೆ 13ಕ್ಕೆ 19 ಅಥವಾ 20. ಅಕ್ಷರವನ್ನು ದೊಡ್ಡದು ಮಾಡಿ ಸಾಲಿನ ಅಂತರ ಮುಟ್ಟದೇ ಹೋದರೆ ಪುಟ ಇನ್ನಷ್ಟು ಕೆಡುತ್ತದೆ; ಎರಡರಲ್ಲಿ ಒಂದನ್ನೇ ಮಾಡಲು ಸಾಧ್ಯವೆಂದರೆ ನಾನು ಸಾಲಿನ ಅಂತರವನ್ನೇ ಆರಿಸುವೆ.

ಅಕ್ಷರಗಳ ನಡುವಿನ ಅಂತರವನ್ನೂ ಬಿಗಿ ಮಾಡಿದ್ದಾರೆ, ಶೀರ್ಷಿಕೆಗಳಲ್ಲಿ ಸಡಿಲಿಸಿದ್ದಾರೆ. ಕನ್ನಡದಲ್ಲಿ ಎರಡೂ ಬೇಡ, ಸೊನ್ನೆಯಲ್ಲೇ ಬಿಡಿ. ಸಡಿಲಿಸಿದರೆ ದೀರ್ಘದ ಚಿಹ್ನೆ ತನ್ನ ಅಕ್ಷರ ಬಿಟ್ಟು ದೂರ ನಿಲ್ಲುತ್ತದೆ. ಪ್ಯಾರಾಗಳಿಗೆ ವರ್ಲ್ಡ್-ರೆಡಿ ಕಂಪೋಸರ್ ಎಂಬ ಸಾಲು ಜೋಡಿಸುವ ಆಯ್ಕೆಯನ್ನು ಆರಿಸಿದೆಯೇ ಎಂದು ಅವರನ್ನೇ ಕೇಳಿ. ಇನ್‌ಡಿಸೈನ್‌ನ ಹಳೆಯ ಆವೃತ್ತಿಗಳಲ್ಲಿ ಅದಿಲ್ಲದೆ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ.

ಇದರ ಜೊತೆಗೇ ನುಡಿಯಿಂದ ಯೂನಿಕೋಡ್‌ಗೆ ತಂದ ಹಳೆಯ ಬರಹಗಳನ್ನು ಪ್ರೂಫ್ ನೋಡುವವರಿಗೆ ಒಂದು ಮಾತು. ಎಷ್ಟೋ ಜನ ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನು ಒತ್ತುತ್ತಾರೆ, ‘ವಷ೯’ ಎಂದು. ಕಾಗದದ ಮೇಲೆ ಅದು ಸರಿಯಾಗಿಯೇ ಕಾಣುತ್ತಿತ್ತು. ಈಗ ಅಂಕಿಗಳನ್ನೆಲ್ಲ ಒಟ್ಟಿಗೆ 1, 2, 3ಕ್ಕೆ ಬದಲಿಸಿದಾಗ ನಿಮ್ಮ ಪತ್ರಿಕೆಯಲ್ಲಿ ‘ವಷ9’ ಎಂದು ಅಚ್ಚಾಗಿದೆ. ಮೊದಲು ‘೯’ ಹುಡುಕಿ, ಒಂದೊಂದಾಗಿ ನೋಡಿ ತಿದ್ದಿ, ಆಮೇಲೆ ಅಂಕಿ ಬದಲಿಸಿ.

ಕಾಲಂ ವಿಷಯಕ್ಕೆ ಬಂದರೆ, ಎ4 ಪುಟದಲ್ಲಿ 15 ಮಿ.ಮೀ. ಅಂಚು ಬಿಟ್ಟು ಮೂರು ಕಾಲಂ ಮಾಡಿದರೆ ಒಂದೊಂದು ಸುಮಾರು 57 ಮಿ.ಮೀ. ಅಗಲ ಉಳಿಯುತ್ತದೆ. ‘ಕತ್ತರಿಸಿಕೊಳ್ಳಬೇಕಾಗುತ್ತದೆ’ ಎಂಬ ಒಂದೇ ಪದ ಅದರಲ್ಲಿ ಮುಕ್ಕಾಲು ಸಾಲು ತಿನ್ನುತ್ತದೆ. ಎರಡೂ ಬದಿ ಸಮ ಮಾಡಿದಾಗ ಉಳಿದ ಪದಗಳ ನಡುವೆ ಹಳ್ಳ ಬೀಳುತ್ತದೆ, ಆ ಹಳ್ಳಗಳು ಸಾಲಿನಿಂದ ಸಾಲಿಗೆ ಸೇರಿ ಪುಟದಲ್ಲಿ ಬಿಳಿ ಬಿರುಕುಗಳಂತೆ ಕಾಣುತ್ತವೆ. ಎರಡು ಕಾಲಮ್ಮಿಗೆ ಮರಳಿ, ಒಂದೊಂದಕ್ಕೆ ಸುಮಾರು 87 ಮಿ.ಮೀ. ಸಿಗುತ್ತದೆ. ಎಡಬದಿ ಮಾತ್ರ ಸಮ ಮಾಡಿದರೂ ಸಾಕು. ಬಲಬದಿ ಏರುಪೇರಾದರೆ ಅಚ್ಚುಕಟ್ಟಿಲ್ಲ ಅನ್ನುವವರು ಇರುತ್ತಾರೆ. ಅವರ ಮಾತನ್ನು ಈ ಒಂದು ವಿಷಯದಲ್ಲಿ ಕೇಳಬೇಡಿ.

ನನಗೆ ನಿಜಕ್ಕೂ ಗಾಬರಿ ಹುಟ್ಟಿಸಿದ್ದು ಹಸಿರು ಚೌಕಗಳು. ಕಡು ಹಸಿರಿನ ಮೇಲೆ ಬಿಳಿಯ, ಸಣ್ಣ, ಲೈಟ್ (ತೆಳು) ತೂಕದ ಅಕ್ಷರಗಳಲ್ಲಿ ಔಷಧಿಯ ಅಳತೆ ಹಾಕಿದ್ದಾರೆ. ಅಚ್ಚಿನಲ್ಲಿ ಶಾಯಿ ಸ್ವಲ್ಪ ಹರಡಿಯೇ ಹರಡುತ್ತದೆ. ಬಿಳಿ ಅಕ್ಷರ ಅಂದರೆ ಶಾಯಿ ಇಲ್ಲದ ಜಾಗ, ಸುತ್ತಲ ಶಾಯಿ ಅದರೊಳಗೆ ನುಗ್ಗುತ್ತದೆ. ಕನ್ನಡದಲ್ಲಿ ದ–ಧ, ಪ–ಫ, ಡ–ಢ ಬೇರೆಯಾಗುವುದು ಬುಡದ ಒಂದು ಸಣ್ಣ ಸೀಳಿನಿಂದ. ರ–ಠ ಬೇರೆಯಾಗುವುದು ನಡುವಿನ ಚುಕ್ಕಿಯಿಂದ. ಮೊದಲು ಮುಚ್ಚಿಹೋಗುವುದು ಇವೇ. ಪದವನ್ನಾದರೆ ಸಂದರ್ಭ ನೋಡಿ ಊಹಿಸಬಹುದು, ಅಂಕಿಯನ್ನು ಊಹಿಸಲಾಗದು. ಮೊದಲ ಸಂಚಿಕೆಯ ಬೇವಿನೆಣ್ಣೆಯ ಚೌಕದಲ್ಲಿ ‘ಲೀಟರಿಗೆ 1.5 ಮಿ.ಲೀ.’ ಎಂಬಲ್ಲಿನ ಚುಕ್ಕಿ ನನ್ನ ಕೈಯಲ್ಲಿರುವ ಪ್ರತಿಯಲ್ಲಿ ಅರ್ಧ ಅಳಿಸಿದೆ. 15 ಎಂದು ಓದಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಬೇವಿನೆಣ್ಣೆಯ ಜಾಗದಲ್ಲಿ ಕೀಟನಾಶಕವಿದ್ದರೆ ಸಿಂಪಡಿಸುವವರಿಗೂ ತೊಂದರೆ. ಅಳತೆಗಳನ್ನೆಲ್ಲ ಬಿಳಿ ಕಾಗದದ ಮೇಲೆ ಕಪ್ಪು, ದಪ್ಪ ಅಕ್ಷರದಲ್ಲಿ, ‘ಒಂದೂವರೆ (1.5) ಮಿ.ಲೀ.’ ಎಂದು ಅಕ್ಷರ-ಅಂಕಿ ಎರಡರಲ್ಲೂ ಹಾಕಿ. ಇದಕ್ಕೆ ಯಾರ ಅಭಿಪ್ರಾಯವನ್ನೂ ಕೇಳಬೇಕಾಗಿಲ್ಲ, ಮುಂದಿನ ಸಂಚಿಕೆಯಲ್ಲೇ ಆಗಬೇಕು. ಕಳೆದ ಎರಡು ಸಂಚಿಕೆಗಳ ಅಳತೆಗಳನ್ನು ಒಮ್ಮೆ ಗ್ರೂಪಿನಲ್ಲಿ ಸರಿಯಾಗಿ ಟೈಪ್ ಮಾಡಿ ಹಾಕಿಬಿಡಿ.

ಬೂದು ಅಕ್ಷರದ ಕಥೆಯೂ ಹತ್ತಿರದ್ದೇ. ಪರದೆಯಲ್ಲಿ ಬೂದು ಸೌಮ್ಯವಾಗಿ ಕಾಣುತ್ತದೆ. ಅಚ್ಚಿನಲ್ಲಿ ಬೂದು ಶಾಯಿ ಎಂಬುದೇ ಇಲ್ಲ, ಶೇ. 60 ಕಪ್ಪು ಅಂದರೆ ಕಪ್ಪು ಚುಕ್ಕಿಗಳ ಜಾಲರಿ. ತೆಳು ಗೆರೆ ಆ ಜಾಲರಿಯಲ್ಲಿ ಒಡೆದುಹೋಗುತ್ತದೆ. ಹಾಗಾಗಿ ಮುಖ್ಯ ಬರಹ ಶೇ. 100 ಕಪ್ಪು, ಅದೂ ಕಪ್ಪು ಶಾಯಿ ಒಂದರಲ್ಲೇ. ಆರ್‌ಜಿಬಿ (ಪರದೆಯ ಬಣ್ಣದ ಲೆಕ್ಕದ) ಕಪ್ಪು ಹಾಗೇ ಪ್ರೆಸ್ಸಿಗೆ ಹೋದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕೂ ಶಾಯಿಯಲ್ಲಿ ಅಚ್ಚಾಗುತ್ತದೆ, ಪ್ಲೇಟ್ ಕೂದಲೆಳೆ ಸರಿದರೂ ಅಕ್ಷರದ ಅಂಚಿಗೆ ಕೆಂಪು-ನೀಲಿ ನೆರಳು ಬರುತ್ತದೆ. ಫೋನಿನ ಪ್ರತಿಗೆ ಒಂದು ಗೊತ್ತಾದ ಅಳತೆ ಇದೆ: ವೆಬ್‌ಗಾಗಿ ಮಾಡಿದ ಡಬ್ಲ್ಯುಸಿಎಜಿ (ದೃಷ್ಟಿ ಮಂದವಾದವರೂ ಓದುವಂತಿರಬೇಕೆಂಬ) ನಿಯಮಗಳ ಪ್ರಕಾರ ಸಾಧಾರಣ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಹೊಳಪಿನ ವ್ಯತ್ಯಾಸವಿರಬೇಕು. ಬಿಳಿಯ ಮೇಲೆ #767676 ಎಂಬ ಸಂಕೇತದ ಬೂದು ಕಷ್ಟಪಟ್ಟು ಪಾಸಾಗುತ್ತದೆ. ನಿಮ್ಮ ಚಿತ್ರಗಳ ಕೆಳಗಿನ ಬರಹಕ್ಕೆ ಬಳಸಿರುವ #999999 ಬೂದು 3ಕ್ಕೆ 1ನ್ನೂ ಮುಟ್ಟುವುದಿಲ್ಲ. ಫಾಂಟ್ ಬದಲಿಸಲೇಬೇಕೆಂದೇನಿಲ್ಲ, ಲೈಟ್ ತೂಕ ಬಿಟ್ಟು ರೆಗ್ಯುಲರ್ ಹಿಡಿದರೆ ಅರ್ಧ ಕೆಲಸ ಆಯಿತು. ಬದಲಿಸುವುದಾದರೆ ಅಚ್ಚಿನ ಬರಹಕ್ಕೆ ನೋಟೊ ಸೆರಿಫ್ ಕನ್ನಡ ಪುಕ್ಕಟೆ ಸಿಗುತ್ತದೆ, ದಪ್ಪ-ತೆಳುವಿನ ಹದವೂ ಚೆನ್ನಾಗಿದೆ.

ಹೈಡ್ರೇಂಜಿಯ ದೂರು ಕೊಟ್ಟವರು ಹೇಳಿದ್ದು ಸರಿ. ಅದನ್ನು ರುಚಿಯ ದೂರು ಎಂದು ಬದಿಗಿಡಬೇಡಿ. ಹುಳಿ ಮಣ್ಣಿನಲ್ಲಿ ನೀಲಿ, ಸುಣ್ಣ ಬಿದ್ದಲ್ಲಿ ಗುಲಾಬಿ ಎಂದು ಲೇಖನದಲ್ಲಿ ಬರೆದು, ಪಕ್ಕದಲ್ಲಿ ‘ನೀಲಿ’ ಎಂಬ ಹೆಸರಿನಡಿ ನೇರಳೆ ಹೂವು ಅಚ್ಚಾದರೆ ಓದುವವರು ಯಾವುದನ್ನು ನಂಬಬೇಕು? ಹೂವಿನ ಪತ್ರಿಕೆಯಲ್ಲಿ ಬಣ್ಣವೇ ಮಾಹಿತಿ. ಪರದೆಯ ನೀಲಿ ನಾಲ್ಕು ಶಾಯಿಗೆ ಬಂದಾಗ ನೇರಳೆಗೆ ಜಾರುವುದು ಬಹಳ ಸಾಮಾನ್ಯ. ಮಜೆಂಟಾ ಪ್ರಮಾಣ ಸಯಾನ್‌ಗಿಂತ ಕನಿಷ್ಠ 30 ಅಂಕ ಕಡಿಮೆ ಇರುವಂತೆ ತಿದ್ದಿದರೆ ನೀಲಿ ನೀಲಿಯಾಗಿ ಉಳಿಯುತ್ತದೆ. ಎಳೆ ಚಿಗುರಿನ ಹಸಿರು ಸ್ವಲ್ಪ ಮಂಕಾಗುವುದನ್ನು ಮಾತ್ರ ತಪ್ಪಿಸಲಾಗದು, ಆ ಹೊಳಪು ಶಾಯಿಗೆ ಬರುವುದಿಲ್ಲ. ಬಣ್ಣದ ಪ್ರೂಫನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ, ಹಗಲು ಬೆಳಕಿಗೆ ತನ್ನಿ. ಇನ್ನೊಂದು: ಬಿಸಿಲಿನ ಗಿಡಕ್ಕೆ ಕೆಂಪು ಚುಕ್ಕಿ, ನೆರಳಿನದಕ್ಕೆ ಹಸಿರು ಚುಕ್ಕಿ ಇಟ್ಟಿದ್ದಾರೆ. ಕೆಂಪು-ಹಸಿರು ಬೇರೆಯಾಗಿ ಕಾಣದವರು, ಮುಖ್ಯವಾಗಿ ಗಂಡಸರಲ್ಲಿ, ಯಾವ ಬಳಗದಲ್ಲೂ ಇರುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಚುಕ್ಕಿ ಇರಲಿ, ಪಕ್ಕದಲ್ಲಿ ‘ಬಿಸಿಲು’, ‘ಅರೆನೆರಳು’, ‘ನೆರಳು’ ಎಂದು ಪದವೂ ಇರಲಿ.

ದುಡ್ಡು ದಂಡ ಎಂಬ ದೂರಿಗೆ ಕಾಗದದಲ್ಲಿ ಉತ್ತರವಿದೆ. ಹೊಳೆಯುವ ಆರ್ಟ್ ಪೇಪರ್ ದೀಪದ ಕೆಳಗೆ ಪ್ರತಿಫಲಿಸುತ್ತದೆ, ನೆನೆದರೆ ಹಾಳೆಗಳು ಒಂದಕ್ಕೊಂದು ಅಂಟಿ ಬಿಡಿಸುವಾಗ ಅಚ್ಚೇ ಕಿತ್ತುಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಗಿಡದ ಮನೆಗೆ ಒಯ್ಯುವ ಪತ್ರಿಕೆಗೆ ಅದು ಹೇಳಿ ಮಾಡಿಸಿದ ಕಾಗದವಲ್ಲ. ಒಳಪುಟಕ್ಕೆ 80 ಜಿಎಸ್‌ಎಂ ಮ್ಯಾಪ್‌ಲಿಥೊ, ಅಂದರೆ ಹೊಳಪಿನ ಲೇಪವಿಲ್ಲದ ಸಾದಾ ಕಾಗದ, ಸಾಕು. ನಿಮ್ಮ 12 ಪುಟ ಅಂದರೆ ಮಡಚಿ ಪಿನ್ ಹೊಡೆದ ಮೂರು ಎ3 ಹಾಳೆ. ಹೊರಗಿನ ಹಾಳೆಯಲ್ಲಿ ಬರುವುದು 1, 2, 11, 12ನೇ ಪುಟಗಳು. ಬಣ್ಣದ ಚಿತ್ರಗಳನ್ನೆಲ್ಲ ಈ ನಾಲ್ಕು ಪುಟಕ್ಕೆ ತಂದು, ಅದೊಂದೇ ಹಾಳೆಯನ್ನು ಹೊಳಪಿಲ್ಲದ ಮ್ಯಾಟ್ ಆರ್ಟ್ ಪೇಪರಿನಲ್ಲಿ ಬಣ್ಣದಲ್ಲಿ ಹಾಕಿಸಿ; ಉಳಿದ ಎಂಟು ಪುಟ ಕಪ್ಪಿನಲ್ಲಿ. ಸದಸ್ಯರು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಾಮೂಲಿಯಾಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ, ಅಚ್ಚಿನ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಲೆಕ್ಕದಲ್ಲಿ ಅದು 13.5 ಸೆಂ.ಮೀ.ಗಷ್ಟೇ ಸಾಕು. ಕಾಲಮ್ಮಿನೊಳಗೆ ನಡೆಯುತ್ತದೆ, ಮುಖಪುಟಕ್ಕೆ ನಡೆಯುವುದಿಲ್ಲ.

ಫೋನಿನಲ್ಲಿ ಓದುವವರಿಗೆ ಈ ಯಾವ ತಿದ್ದುಪಡಿಯೂ ಪೂರ್ತಿ ಪರಿಹಾರವಲ್ಲ. ಫೋನಿನ ಪರದೆ ಸುಮಾರು 68 ಮಿ.ಮೀ. ಅಗಲ, ಎ4 ಪುಟ 210. ಮೂರರಲ್ಲೊಂದು ಪಾಲಿಗೆ ಕುಗ್ಗಿದಾಗ ನಿಮ್ಮ 12 ಪಾಯಿಂಟ್ ಅಕ್ಷರ 4 ಪಾಯಿಂಟ್ ಆಗುತ್ತದೆ. ಹಿಗ್ಗಿಸಿ, ಎಳೆದು, ಕಾಲಂ ಮುಗಿದ ಮೇಲೆ ಮತ್ತೆ ಮೇಲೆ ಹೋಗಿ ಓದಬೇಕು. ಅದೇ ಬರಹವನ್ನು 105 ಮಿ.ಮೀ. ಅಗಲದ ಪುಟಕ್ಕೆ ಒಂದೇ ಕಾಲಮ್ಮಿನಲ್ಲಿ, 14 ಪಾಯಿಂಟಿನಲ್ಲಿ ಇಳಿಸಿದರೆ ಪರದೆಯಲ್ಲಿ 9 ಪಾಯಿಂಟಿನಷ್ಟು ಸಿಗುತ್ತದೆ, ಹಿಗ್ಗಿಸದೆ ಓದಬಹುದು. ಚಿತ್ರಗಳನ್ನು 150 ಪಿಪಿಐಗೆ ಇಳಿಸಿ ಕಡತವನ್ನು 3 ಎಂಬಿ ಒಳಗಿಡಿ. ಮಳೆಗಾಲದಲ್ಲಿ ಟವರ್ ಅರ್ಧ ದಿನ ಸತ್ತಿರುವ ಊರಿಗೆ ಈಗ ನೀವು ಕಳಿಸುತ್ತಿರುವ 38 ಎಂಬಿ ಇಳಿಯುವುದೇ ಇಲ್ಲ.

ಯಾರೂ ದೂರು ಹೇಳದ ಒಂದು ನಷ್ಟವೂ ಕಂಡಿತು. ಹಳೆಯ ತಿಂಗಳ ಕೆಲಸದ ಪಟ್ಟಿಯಲ್ಲಿ ‘ಕಕ್ಕಡ ಮುಗಿಯುವವರೆಗೆ ಕುಂಡ ಬದಲಿಸಬೇಡಿ’, ‘ಕೈಲ್ ಮುಹೂರ್ತದ ನಂತರ ಗೊಬ್ಬರ’, ‘ಹುತ್ತರಿ ಹೊತ್ತಿಗೆ ನೀರು ಶುರು’ ಎಂಬ ಟಿಪ್ಪಣಿಗಳಿದ್ದವು. ಹೊಸದರಲ್ಲಿ ಅವೆಲ್ಲ ಹೋಗಿ ಕೊಡೆ, ಸೂರ್ಯ, ನೀರಿನ ಹನಿಯ ಚಿತ್ರ ಬಂದಿದೆ. ಕೆಲಸದ ಹೊತ್ತನ್ನು ಜನ ನೆನಪಿಡುವುದು ಕೊಡಗಿನ ತಿಂಗಳು, ಹಬ್ಬಗಳ ಆ ಹೆಸರುಗಳಿಂದ. ಚಿತ್ರದ ಪಕ್ಕ ಅವನ್ನು ಮರಳಿ ಹಾಕಿಸಿ.

ಈಗ ಅಭಿಪ್ರಾಯ ಕೇಳುವ ಬಗೆ. ಗ್ರೂಪಿನಲ್ಲಿ ವೋಟು ಹಾಕಿಸಬೇಡಿ. ಮೊದಲು ಬರೆದವರ ದನಿಗೆ ಉಳಿದವರು ದನಿಗೂಡಿಸುತ್ತಾರೆ, ಫೋನ್ ಹೆಚ್ಚು ಹಿಡಿಯದ ಹಿರಿಯರು ಅಲ್ಲಿರುವುದೇ ಇಲ್ಲ, ಮತ್ತು ಕಾಣದ ಚುಕ್ಕಿಯನ್ನು ಬಹುಮತದಿಂದ ಕಾಣಿಸಲಾಗದು. ಬಂದ ದೂರುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಒಬ್ಬರ ಹತ್ತು ಮೆಸೇಜು ಒಂದೇ ದೂರು. ಪಕ್ಕದಲ್ಲಿ ಅವರು ಓದುವುದು ಅಚ್ಚಿನಲ್ಲೋ ಫೋನಿನಲ್ಲೋ ಎಂದು ಗುರುತು ಹಾಕಿ. ಅಷ್ಟರಲ್ಲೇ ಅರ್ಧ ಕಾರಣ ತಿಳಿಯುತ್ತದೆ. ಆಮೇಲೆ ಓದಲಾಗದ್ದು, ಸಿಗದ್ದು, ಬಿಟ್ಟುಹೋದದ್ದು, ಹಿಡಿಸದ್ದು ಎಂದು ಬೇರೆ ಮಾಡಿ. ಮೊದಲ ಮೂರನ್ನು ತಿದ್ದಿ, ನಾಲ್ಕನೆಯದನ್ನು ಮೂರು ಸಂಚಿಕೆ ಹಾಗೇ ಇಟ್ಟುಕೊಳ್ಳಿ.

ತಿದ್ದಿದ ಪುಟಗಳನ್ನು ಅಚ್ಚಿಗೆ ಕೊಡುವ ಮೊದಲು ಐದಾರು ಜನರ ಮುಂದಿಡಿ. ಐವರನ್ನು ಗಮನವಿಟ್ಟು ನೋಡಿದರೆ ಬಹುಪಾಲು ತೊಡಕು ಹೊರಬೀಳುತ್ತದೆ ಎಂದು ಬಳಕೆಯ ಸುಲಭತೆಯನ್ನು ಪರೀಕ್ಷಿಸುವ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ವಾದಿಸಿದ್ದರು. ನಿಮ್ಮಷ್ಟು ಚಿಕ್ಕ ಬಳಗಕ್ಕೆ ಆ ಲೆಕ್ಕ ಹೊಂದುತ್ತದೆ. ಇಬ್ಬರಾದರೂ ಅರವತ್ತು ದಾಟಿದವರಿರಲಿ, ಇಬ್ಬರು ಫೋನಿನಲ್ಲೇ ಓದುವವರಿರಲಿ. ಒಬ್ಬೊಬ್ಬರನ್ನೇ, ಅವರ ಮನೆಯಲ್ಲಿ, ಅವರದೇ ಕನ್ನಡಕದಲ್ಲಿ. ‘ಹೇಗಿದೆ ಅಕ್ಕ?’ ಎಂದು ಮಾತ್ರ ಕೇಳಬೇಡಿ. ಮನೆಗೆ ಬಂದವರ ಎದುರು ಯಾರೂ ಚೆನ್ನಾಗಿಲ್ಲ ಅನ್ನುವುದಿಲ್ಲ. ‘ಈ ತಿಂಗಳು ಆಂಥೂರಿಯಂಗೆ ಏನು ಮಾಡಬೇಕಂತೆ, ಹುಡುಕಿ ಹೇಳಿ’, ‘ಬೇವಿನೆಣ್ಣೆ ಎಷ್ಟು, ಓದಿ’, ‘ವಾಂಡಾ ಮರಿ ಯಾರು ಕೊಡುತ್ತಾರೆ’ ಎಂದು ಕೆಲಸ ಕೊಟ್ಟು ಗಡಿಯಾರ ನೋಡಿ. ತಡವರಿಸಿದರೆ ನೆರವಿಗೆ ಹೋಗಬೇಡಿ. ಪುಟವನ್ನು ಕಿಟಕಿಯ ಕಡೆ ತಿರುಗಿಸಿದರೆ, ಬೆರಳಿಟ್ಟು ಓದಿದರೆ, ಒಂದೇ ಸಾಲಿಗೆ ಎರಡು ಸಲ ಹೋದರೆ ಬರೆದುಕೊಳ್ಳಿ. ಡಿಸೈನ್ ಮಾಡಿದವರೂ ಒಂದು ಮೂಲೆಯಲ್ಲಿ ಕೂತಿದ್ದರೆ ಉತ್ತಮ. ‘ನಿನ್ನ ಪುಟ ಸರಿಯಿಲ್ಲ’ ಎಂದು ಕಮಿಟಿಯವರಿಂದ ಕೇಳಿದರೆ ಸಿಟ್ಟು ಬರುತ್ತದೆ. ಪರಿಚಯದ ಆಂಟಿಯೊಬ್ಬರು ಪುಟವನ್ನು ಕಿಟಕಿಗೆ ಹಿಡಿಯುವುದನ್ನು ಕಣ್ಣಾರೆ ನೋಡಿದರೆ ತಿದ್ದಬೇಕಾದ್ದು ಅವರಿಗೇ ಹೊಳೆಯುತ್ತದೆ.

ಕಮಿಟಿಯ ಮುಂದೆ ಇಡಬಹುದಾದ ದಾರಿಗಳು ಇಷ್ಟು. ಹಳೆಯ ರೂಪಕ್ಕೇ ಮರಳಿದರೆ ಗಲಾಟೆ ಇವತ್ತೇ ನಿಲ್ಲುತ್ತದೆ, ಆದರೆ ಹಳೆಯ ನುಡಿ ಕಡತದಲ್ಲಿ ಪದ ಹುಡುಕಲಾಗುವುದಿಲ್ಲ, ಫೋನಿನ ಓದುಗರ ಕಷ್ಟ ಹಾಗೇ ಉಳಿಯುತ್ತದೆ, ಇನ್ನೊಮ್ಮೆ ಯಾವ ಕಿರಿಯರೂ ಕೈಜೋಡಿಸಲು ಬರುವುದಿಲ್ಲ. ಏನೂ ಮಾಡದೆ ಕಾದರೆ ಅಳತೆ ತಪ್ಪಿ ಓದುವ ಅಪಾಯ ನಿಮ್ಮ ತಲೆಯ ಮೇಲೆ. ನಾನು ಹೇಳುವುದು ಹೊಸ ಚೌಕಟ್ಟನ್ನೇ ಇಟ್ಟುಕೊಂಡು ಓದಿನ ದೋಷ ತಿದ್ದುವುದು. ಅದರಲ್ಲೂ ತೊಡಕಿದೆ: ಅಕ್ಷರ, ಸಾಲು ಹಿಗ್ಗಿದಾಗ ಬರಹ 12 ಪುಟದಲ್ಲಿ ಹಿಡಿಸುವುದಿಲ್ಲ. 16 ಪುಟ ಮಾಡಿ ಅಥವಾ ಲೇಖನ ಮೊಟಕುಗೊಳಿಸಿ. ಪಿನ್ ಹೊಡೆಯುವ ಪತ್ರಿಕೆಗೆ ಪುಟ ನಾಲ್ಕು ನಾಲ್ಕಾಗಿಯೇ ಹೆಚ್ಚಬೇಕು, 13 ಅಥವಾ 14 ಆಗದು. ಜಾಗ ಸಾಲದೆಂದು ಕೊನೆಗಳಿಗೆಯಲ್ಲಿ ಯಾರಾದರೂ ಅಕ್ಷರವನ್ನು ಮತ್ತೆ 10ಕ್ಕೆ ಇಳಿಸುವುದೇ ಇಂಥಲ್ಲಿ ನಡೆಯುವ ಎಡವಟ್ಟು. 12ಕ್ಕಿಂತ ಕೆಳಗಿಲ್ಲ ಎಂದು ಕಮಿಟಿಯಲ್ಲೇ ನಿರ್ಣಯ ಬರೆಸಿಬಿಡಿ.

ತಲೆಬರಹದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಹೊಸದು ದೋಷವಲ್ಲ, ಕಾದರೆ ಒಗ್ಗುತ್ತದೆ. ಆದರೂ ಹಳೆಯ ಕೈಬರಹದ ತಲೆಬರಹವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಗೆರೆ ಶುದ್ಧ ಮಾಡಿಸಿ ವಾಪಸ್ ಹಾಕಿ. ಅದಕ್ಕೆ ಖರ್ಚಿಲ್ಲ, ಓದಿಗೆ ತೊಂದರೆಯಿಲ್ಲ, ನೋಡಲು ಚೆನ್ನಾಗಿಯೂ ಇದೆ. ಮುಂದಿನ ಸಂಚಿಕೆಯ 2ನೇ ಪುಟದಲ್ಲಿ ಏನೇನು ತಿದ್ದಿದ್ದೇವೆ, ಏನನ್ನು ಹಾಗೇ ಬಿಟ್ಟಿದ್ದೇವೆ, ಏಕೆ ಎಂದು ಐದಾರು ಸಾಲು ಹಾಕಿ. ಡಿಸೈನ್ ಮಾಡಿದವರ ಹೆಸರೂ ಅಲ್ಲೇ ಬರಲಿ. ಮೂರನೇ ಸಂಚಿಕೆ ತಲುಪಿದ ಮೇಲೆ ಅದೇ ಐದಾರು ಮನೆಗೆ ಅವೇ ಪ್ರಶ್ನೆಗಳೊಂದಿಗೆ ಇನ್ನೊಮ್ಮೆ ಹೋಗಿ. ಗಿಡ ಬದಲಾವಣೆ ಪಟ್ಟಿ ಹುಡುಕಲು ಆಗಲೂ ಅರ್ಧ ನಿಮಿಷ ದಾಟಿದರೆ ಪಟ್ಟಿಯ ಶೀರ್ಷಿಕೆಯನ್ನು 24 ಪಾಯಿಂಟಿಗೆ ಏರಿಸಿ, ಮುಖಪುಟದಲ್ಲೂ ಪುಟಸಂಖ್ಯೆ ಕೊಡಿ.